ಚುಕ್ಕೆಯಿಲ್ಲದ ಎರಡು ನಟ್ಟು

ಫೆಬ್ರವರಿ ೪

ಭಾಮೈದನಿಗೆ,

ಹನ್ನೆರಡು ವರ್ಷದ ಮೇಲೆ ಈ ಕೈಬರಹ ನೋಡಿ ಲಕೋಟೆಯನ್ನು ಒಲೆಗೆ ಹಾಕಬೇಡ. ಇದು ಕೆಲಸದ ಕಾಗದ. ಕ್ಷೇಮ ಸಮಾಚಾರವನ್ನು ನಿನ್ನ ಅಕ್ಕ ವಾರವಾರವೂ ಫೋನಿನಲ್ಲಿ ಹೇಳುತ್ತಾಳೆಂದು ಗೊತ್ತು, ನಾನು ಅದರ ತಂಟೆಗೆ ಹೋಗುವುದಿಲ್ಲ.

ಅಂಗಳದ ಮೂಲೆಯಲ್ಲಿ ನಿಂತಿರುವ ಪಿಕಪ್ಪನ್ನು ಮತ್ತೆ ಓಡಿಸಬೇಕೆಂದಿದ್ದೇನೆ. ನಗಬೇಡ. ನಿನ್ನ ಅಕ್ಕ ಹಿತ್ತಲಲ್ಲಿ ಸಸಿ ಬೆಳೆಸಿ ಮಾರಲು ಶುರುಮಾಡಿ ನಾಲ್ಕು ವರ್ಷವಾಯಿತು. ಬಾಡಿಗೆ ವ್ಯಾನಿನವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹೋದ ವಾರ ಮುನ್ನೂರು ಸಸಿ ಅವನಿಗಾಗಿ ಕಾದು ಬಿಸಿಲಿಗೆ ಬಾಡಿದವು. "ಹೆಸರಿಗೆ ಮೆಕ್ಯಾನಿಕ್ಕನ ಹೆಂಡ್ತಿ, ಹತ್ತೋಕೆ ಒಂದು ಗಾಡಿ ಇಲ್ಲ" ಅಂದಳು. ಊರಿನವರಿಗೆಲ್ಲ ಕೇಳಿಸುವಷ್ಟು ಜೋರಾಗಿ, ನನ್ನ ಮುಖ ನೋಡಿಕೊಂಡೇ ಅಂದಳು.

ಬಾಡಿ ಗಟ್ಟಿಯಾಗಿದೆ. ಗೇರ್‌ಬಾಕ್ಸ್ ನಡೆಯುತ್ತದೆ. ಎಂಜಿನ್ ಮಾತ್ರ ಅಂದು ಇಳಿಜಾರಿನಲ್ಲಿ ಕಚ್ಚಿಕೊಂಡದ್ದು ಹಾಗೇ ಇದೆ. ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸುವುದು ಒಂದು ದಾರಿ. ಇದನ್ನೇ ಬಿಚ್ಚಿ, ಸಿಲಿಂಡರ್ ಕೊರೆಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೊಸದಾಗಿ ಕಟ್ಟುವುದು ಇನ್ನೊಂದು. ನನಗೆ ಎರಡನೆಯದಕ್ಕೇ ಮನಸ್ಸು. ಆದರೆ ಇಲ್ಲಿನ ಲೇತಿನವರ ಮೇಲೆ ನಂಬಿಕೆಯಿಲ್ಲ. ಅಳತೆ ಕೇಳಿದರೆ "ಅಂದಾಜಿಗೆ ಸರಿಯಿದೆ ಬಿಡಿ" ಅನ್ನುವ ಜನ. ನಿನ್ನ ಪಂಪಿನ ಕಾರ್ಖಾನೆಯಲ್ಲಿ ಒಳ್ಳೆಯ ಯಂತ್ರಗಳಿವೆಯೆಂದು ಕೇಳಿದ್ದೇನೆ. ಆಗುತ್ತದೋ ಇಲ್ಲವೋ ಒಂದು ಸಾಲು ಬರೆ. ಫೋನ್ ಮಾಡಬೇಡ, ನನಗೆ ಫೋನ್ ಒಗ್ಗುವುದಿಲ್ಲ.

ನಿನ್ನ ಭಾವ

ತಮ್ಮಾ, ಇದು ನಾನು, ಅಕ್ಕ. ಇವರು ಮುಖ್ಯವಾದ್ದನ್ನ ಬಿಟ್ಟಿದ್ದಾರೆ. ಆ ಗಾಡೀಲಿ ನಾನು ಮತ್ತೆ ಕೂರಬೇಕು ಅಂದ್ರೆ ಎಂಜಿನ್ ಕಟ್ಟೋದು ನೀವಿಬ್ಬರೂ ಸೇರಿ. ಇವರೊಬ್ಬರೇ ಕಟ್ಟಿದ್ರೆ ಸಸಿ ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ, ಆ ಕಡೆ ತಲೆ ಹಾಕಲ್ಲ. ಅವತ್ತು ಗೋಡೆಗೆ ಹೊಡೆದಾಗ ಮುರಿದದ್ದು ನನ್ನ ಕೈ. ನಿಮ್ಮಿಬ್ಬರದ್ದು ಬರೀ ಮಾತು.

೦

ಫೆಬ್ರವರಿ ೧೯

ಭಾವನವರಿಗೆ,

ಕಾಗದ ತಲುಪಿತು. ನನ್ನ ಅಭಿಪ್ರಾಯದಲ್ಲಿ ಗುಜರಿಯ ಎಂಜಿನ್ನೇ ಮೇಲು. ನಿಮ್ಮ ಬ್ಲಾಕ್ ಹನ್ನೆರಡು ವರ್ಷ ಬಯಲಿನಲ್ಲಿ ನಿಂತಿದೆ. ನೀರು ಇಳಿದು ಸಿಲಿಂಡರಿನ ಒಳಗೆ ತುಕ್ಕು ಕೂತಿರುತ್ತದೆ.

ಆದರೂ ಕಟ್ಟುವುದೇ ನಿಜವಾದರೆ ಮೊದಲು ಅಳತೆ ಬೇಕು. ನಾಲ್ಕು ಸಿಲಿಂಡರುಗಳನ್ನೂ ಮೇಲೆ, ನಡುವೆ, ಕೆಳಗೆ ಅಳೆಯಿರಿ. ಪ್ರತಿ ಕಡೆಯೂ ಎರಡು ದಿಕ್ಕಿಗೆ. ಒಟ್ಟು ಇಪ್ಪತ್ತನಾಲ್ಕು ಅಂಕಿ. ಇಪ್ಪತ್ತಮೂರು ಬಂದರೆ ಕಾಗದ ವಾಪಸು ಕಳಿಸುತ್ತೇನೆ. ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ನಿಗೆ ಸವೆತ ಮುಗಿಯುವುದಾದರೆ ಕೆಲಸ ಹಿಡಿಯಬಹುದು. ಒಂದು ಮಿಲಿಮೀಟರ್ ದಾಟಿದರೆ ಬ್ಲಾಕನ್ನು ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಳ್ಳಿ. ಹೆಡ್ಡಿನಲ್ಲಿ ಬಿರುಕಿದೆಯೇ ನೋಡಿ. ಕ್ರ್ಯಾಂಕಿನ ಅಳತೆಯನ್ನೂ ಬರೆಯಿರಿ.

ಇನ್ನೊಂದು ವಿಷಯ. ಆವತ್ತೂ ಆ ಕ್ರ್ಯಾಂಕ್ ಗ್ರೈಂಡ್ ಮಾಡಿದವನು ನಾನೇ. ಗಾಡಿ ಗೋಡೆಗೆ ಹೊಡೆದ ಮರುದಿನ ಅಂಗಡಿ ಮುಂದೆ ನಾಲ್ಕು ಜನರ ಎದುರು "ಲೇತಿನವನ ಕೈ ಕೆಟ್ಟರೆ ಎಂಜಿನ್ ಉಳಿಯುತ್ತಾ" ಎಂದವರು ನೀವು. ಈಗ ಅದೇ ಕೈಗೆ ಕ್ರ್ಯಾಂಕ್ ಕೊಡುತ್ತೇನೆ ಎನ್ನುತ್ತಿದ್ದೀರಿ. ಯೋಚನೆ ಮಾಡಿ ಕೊಡಿ.

ಇಂತಿ,
ನಿಮ್ಮ ಹೆಂಡತಿಯ ತಮ್ಮ

೦

ಮಾರ್ಚ್ ೨೮

ಮಿಲಿಮೀಟರ್ ಮಹಾಶಯರಿಗೆ,

ಇಪ್ಪತ್ತನಾಲ್ಕು ಅಂಕಿಯನ್ನೂ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ನಾನು ಕೂಗಿದೆ, ನಿನ್ನ ಅಕ್ಕ ಬರೆದುಕೊಂಡಳು. ಹದಿನೇಳನೆಯದನ್ನು ಮೂರು ಸಲ ಅಳೆಸಿದಳು. "ಅವನು ಅಲ್ಲಿಂದಲೇ ಕಂಡುಹಿಡೀತಾನೆ" ಅಂತ ಅವಳ ಹೆದರಿಕೆ.

ಎಂಜಿನ್ ಇಳಿಸುವುದಕ್ಕೆ ಎರಡು ದಿನ ಹಿಡಿಯಿತು. ಬಾನೆಟ್ ಮೇಲೆ ಬಳ್ಳಿ ಹಬ್ಬಿತ್ತು, ಅದನ್ನು ಕೀಳಲು ಅವಳು ಬಿಡಲಿಲ್ಲ, ಬೇರು ಸಮೇತ ಬಿಡಿಸಿ ಕುಂಡಕ್ಕೆ ಹಾಕಿದಳು. ಏರ್ ಫಿಲ್ಟರಿನಲ್ಲಿ ಇಲಿಯ ಸಂಸಾರ ಇತ್ತು. ಅದನ್ನು ಮಾತ್ರ ಕುಂಡಕ್ಕೆ ಹಾಕಲಿಲ್ಲ.

ತುಕ್ಕು ನೀನು ಹೆದರಿದಷ್ಟಿಲ್ಲ. ಅರ್ಧ ಮಿಲಿಮೀಟರ್ ಸಾಕು ಅನ್ನಿಸುತ್ತದೆ, ನೀನೇ ನೋಡಿ ಹೇಳು. ಹೆಡ್ಡಿನಲ್ಲಿ ಬಿರುಕಿಲ್ಲ. ಕ್ರ್ಯಾಂಕಿನಲ್ಲಿ ಒಂದು, ಎರಡು, ನಾಲ್ಕನೆಯ ರಾಡು ಕೂರುವ ಕಡೆಗಳಲ್ಲೆಲ್ಲ ನೀನು ಅಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ ಅಳತೆಯೇ ಬಂತು. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ನಿನ್ನ ಕೈ ಕೆಟ್ಟಿರಲಿಲ್ಲ. ಇದಿಷ್ಟು ಬರೆಯಲು ನನಗೆ ಎರಡು ದಿನ ಬೇಕಾಯಿತು.

ಕಚ್ಚಿಕೊಂಡದ್ದು ಮೂರನೆಯದು. ಅಲ್ಲಿ ಬೇರಿಂಗ್ ಕರಗಿ ಕ್ರ್ಯಾಂಕಿಗೆ ಅಂಟಿಕೊಂಡಿದೆ. ನಮ್ಮ ಪದ್ಧತಿ ನೆನಪಿದೆಯಲ್ಲ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ನಟ್ಟುಗಳನ್ನು ನಾನು ಬಿಗಿಯಬೇಕು, ಆಮೇಲೆ ನೀನು ನಿನ್ನ ಸ್ಪ್ಯಾನರಿನಲ್ಲಿ ಇನ್ನೊಂದು ಸಲ ನೋಡಿ ಕೆಂಪು ಬಣ್ಣದ ಚುಕ್ಕೆ ಇಡಬೇಕು. ನಾಲ್ಕು ರಾಡಿಗೆ ಎಂಟು ನಟ್ಟು. ಆರರ ಮೇಲೆ ಚುಕ್ಕೆ ಇವತ್ತಿಗೂ ಮಾಸಿಲ್ಲ. ಮೂರನೆಯ ರಾಡಿನ ಎರಡು ನಟ್ಟಿನ ಮೇಲೆ ಚುಕ್ಕೆಯಿಲ್ಲ. ಅವು ಬೆರಳಿನಲ್ಲೇ ತಿರುಗುತ್ತಿದ್ದವು.

ನಾನು ಏನೂ ಹೇಳುತ್ತಿಲ್ಲ. ಕಂಡದ್ದನ್ನು ಬರೆದಿದ್ದೇನೆ.

ನಿನ್ನ ಭಾವ

೦

ಏಪ್ರಿಲ್ ೯

ಭಾವನವರಿಗೆ,

ಕಂಡದ್ದನ್ನು ನೀವು ಬರೆದಿರಿ. ಕಾಣದ್ದನ್ನು ನಾನು ಬರೆಯುತ್ತೇನೆ.

ಎರಡು ಮತ್ತು ಮೂರನೆಯ ರಾಡುಗಳನ್ನು ಕೊನೆಗೆ ಬಿಗಿದಿರಿ. ಆ ಹೊತ್ತಿಗೆ ನಿಮ್ಮ ಸ್ನೇಹಿತರು ನಾಲ್ಕು ಜನ ಬಂದು ನಿಂತಿದ್ದರು. ನಾನು ಎರಡನೆಯದಕ್ಕೆ ಚುಕ್ಕೆ ಇಟ್ಟು ಮೂರನೆಯದಕ್ಕೆ ಸ್ಪ್ಯಾನರ್ ಹಾಕಿದಾಗ ನೀವು, "ಸಾಕು ಬಿಡೋ ಮಿಲಿಮೀಟರ್, ನಾನು ಬಿಗಿದ ಮೇಲೆ ಯಾರಪ್ಪ ಬಂದ್ರೂ ಅಲ್ಲಾಡಲ್ಲ" ಅಂದಿರಿ. ಎಲ್ಲರೂ ನಕ್ಕರು. ನಾನು ಸ್ಪ್ಯಾನರನ್ನು ಕೆಳಗಿಟ್ಟು ಕೈ ತೊಳೆಯಲು ಹೋದೆ. ಚುಕ್ಕೆಯಿಲ್ಲದ ಕಥೆ ಇಷ್ಟು. ಇದರಲ್ಲಿ ನಿಮ್ಮದೆಷ್ಟು ನನ್ನದೆಷ್ಟು ಎಂದು ನೀವೇ ಅಳೆದುಕೊಳ್ಳಿ.

ಆದರೆ ದೊಡ್ಡದು ಅದಲ್ಲ. ಗಾಡಿ ಓಡಲು ಶುರುವಾದ ಎಂಟನೆಯ ದಿನ ಬೆಳಿಗ್ಗೆ ನನಗೆ ಸದ್ದು ಕೇಳಿಸಿತು. ಒಳಗಿನಿಂದ, ತಗ್ಗಿದ ದನಿಯಲ್ಲಿ, ಟಕ್ ಟಕ್. "ಭಾವ, ಏನೋ ಬಡೀತಿದೆ" ಅಂದೆ. ನೀವು ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸಿದಿರಿ. "ಬಡೀತಿರೋದು ನಿನ್ನ ತಲೆಯೊಳಗೆ" ಅಂದಿರಿ. ಆವತ್ತೂ ಜನ ನಕ್ಕರು.

ಮರುದಿನ ಸದ್ದು ಇನ್ನೂ ಜೋರಾಗಿತ್ತು. ನಾನು ಹೇಳಲಿಲ್ಲ. ಮುರಿಯಲಿ, ಆಗ ಗೊತ್ತಾಗುತ್ತದೆ ಇವರಿಗೆ, ಅಂದುಕೊಂಡೆ. ಅಕ್ಕ ಆ ಗಾಡಿ ಹತ್ತುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಇಲ್ಲ, ಸುಳ್ಳು. ಗೊತ್ತಿತ್ತು. ಅವಳು ಹತ್ತಿ ಕೂತ ಮೇಲೆ ಬಾಗಿಲು ಹಾಕಿದವನೇ ನಾನು.

ನೀವು ನನ್ನ ಕೈಯನ್ನು ಬೈದಾಗ ನಾನು ತಿರುಗಿ ಮಾತಾಡದೆ ಊರು ಬಿಟ್ಟದ್ದು ಅವಮಾನಕ್ಕೆ ಎಂದು ನೀವು ತಿಳಿದಿರಬಹುದು. ಅವಮಾನವೂ ಆಗಿತ್ತು. ಆದರೆ ಬಾಯಿ ತೆಗೆದರೆ ಇದನ್ನೂ ಹೇಳಬೇಕಾಗುತ್ತಿತ್ತು. ದಯವಿಟ್ಟು ಈ ಕಾಗದವನ್ನು ಅಕ್ಕನಿಗೆ ಓದಿ ಹೇಳಿ. ವಾರವಾರ ಅವಳ ಜೊತೆ ಮಾತಾಡಿಯೂ ನನಗೆ ಇದು ಬಾಯಿಗೆ ಬರಲಿಲ್ಲ.

ಇಂತಿ,
ಅವಳ ತಮ್ಮ

೦

ಜೂನ್ ೨

ತಮ್ಮಾ,

ಏನೋ ಬರೆದೆ ಅವರಿಗೆ? ನಿನ್ನ ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು. ಇವರು ಬಾಗಿಲಲ್ಲೇ ನಿಂತು ಓದಿದರು, ಮಡಿಚಿ ಅಂಗಿ ಜೇಬಿಗೆ ಹಾಕಿಕೊಂಡರು. ಅಂಗಿ ಬದಲಾಯಿಸಿದರೆ ಕಾಗದವೂ ಹೊಸ ಅಂಗಿಗೆ ಹೋಗುತ್ತದೆ. ಕೇಳಿದರೆ "ಅಳತೆ ಬರೆದಿದ್ದಾನೆ" ಅಂತಾರೆ. ಅಳತೆ ಓದಿ ಕಣ್ಣು ಒರೆಸಿಕೊಳ್ಳೋ ಗಂಡಸನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ.

ನೀನೋ, ಆವತ್ತಿಂದ ಫೋನ್ ಎತ್ತುತ್ತಿಲ್ಲ. ಎತ್ತಿದರೂ "ಕೆಲಸ ಇದೆ ಅಕ್ಕ" ಅಂತೀಯ. ಯಾವ ಪಂಪಪ್ಪಾ ಅದು, ಅಕ್ಕನ ಹತ್ತಿರ ಎರಡು ಮಾತಾಡೋಕೂ ಬಿಡದೆ ಇರೋದು?

ಎಂಜಿನ್ ಬಿಡಿಬಿಡಿಯಾಗಿ ಶೆಡ್ಡಿನ ಮೇಜಿನ ಮೇಲೆ ಬಿದ್ದಿದೆ. ನಾನು ಹಳೆ ಚಾದರ ಹೊದಿಸಿದೀನಿ. ಬರಲ್ಲ ಅಂದ್ಯಾ? ಹಾಗಾದರೆ ನೇರವಾಗಿ ನನಗೇ ಹೇಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ನಂಗೂ ಗೊತ್ತು. ಆದರೆ ಕೊಯ್ದುಕೊಂಡೋರು ನೀವು, ಮೂಗಿಲ್ಲದ ಇಬ್ಬರನ್ನ ಹನ್ನೆರಡು ವರ್ಷದಿಂದ ನೋಡ್ತಿರೋಳು ನಾನು. ಸಾಕಾಯ್ತು ಕಣೋ. ನಿಜವಾಗಿ ಸಾಕಾಯ್ತು.

ಅಕ್ಕ

೦

ಜೂನ್ ೧೭

ಭಾಮೈದನಿಗೆ,

ನಿನ್ನ ಕಾಗದವನ್ನು ಮೊನ್ನೆ ಅಕ್ಕನಿಗೆ ಓದಿ ಹೇಳಿದೆ. ನಿನ್ನದನ್ನು ಹೇಳಬೇಕಾದರೆ ನನ್ನದನ್ನೂ ಹೇಳಬೇಕಿತ್ತು, ಅದಕ್ಕೇ ಇಷ್ಟು ದಿನವಾಯಿತು.

ನನಗೆ ಆ ಸದ್ದು ಕೇಳಿಸಲಿಲ್ಲ. ಕೇಳಿಸಿಯೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ ಎಂದು ನೀನು ತಿಳಿದಿದ್ದೀಯ. ಹಾಗಲ್ಲ. ಸ್ಕ್ರೂಡ್ರೈವರ್ ಕಿವಿಗಿಟ್ಟಾಗ ನನಗೆ ಏನೂ ಕೇಳಿಸಲಿಲ್ಲ. ಅದಕ್ಕೂ ಒಂದು ವರ್ಷ ಮೊದಲೇ ಬಲಗಿವಿ ಮಂದವಾಗಿತ್ತು, ಎಡದ್ದೂ ಅದೇ ಹಾದಿ ಹಿಡಿದಿತ್ತು. "ಎಂಜಿನ್ ಮುಟ್ಟೋಕೆ ಮುಂಚೆ ಕಿವಿಯಲ್ಲೇ ರೋಗ ಹಿಡೀತಾನೆ" ಎಂದು ನನ್ನ ಹತ್ತಿರ ಗಾಡಿ ತರುತ್ತಿದ್ದರು. ಅಂಥವನು ಕಿವುಡ ಅಂತ ಹೇಗೆ ಹೇಳಲಿ? ಗಾಡಿಯವರು ಹೇಳಿದ್ದನ್ನು ತುಟಿ ನೋಡಿ ಊಹಿಸಿದೆ. ಬ್ಲಾಕಿನ ಮೇಲೆ ಅಂಗೈ ಇಟ್ಟು ನಡುಕ ನೋಡಿದೆ. ಆವತ್ತು ನೀನು "ಬಡೀತಿದೆ" ಅಂದಾಗ ನಾನು ಹೆದರಿದೆ, ಎಂಜಿನ್ನಿಗಾಗಿ ಅಲ್ಲ, ನನ್ನ ಗುಟ್ಟು ಹೊರಬೀಳುತ್ತದೆಂದು. ಅದಕ್ಕೇ ತಮಾಷೆ ಮಾಡಿ ನಿನ್ನ ಬಾಯಿ ಮುಚ್ಚಿಸಿದೆ. ಗಾಡಿ ಗೋಡೆಗೆ ಹೊಡೆದ ಮರುದಿನ ನಿನ್ನ ಕೈಯನ್ನು ಬೈದದ್ದೂ ಅದಕ್ಕೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಹಾಗೆ.

ಈಗ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಬಾಯಿಟ್ಟು ಕೂಗಿದರೆ ಯಾರೋ ಪಕ್ಕದ ಮನೆಯಲ್ಲಿ ಗೊಣಗಿದ ಹಾಗೆ ಇರುತ್ತದೆ. ಫೋನ್ ಬೇಡ ಅಂದದ್ದು ಇದಕ್ಕೆ. ನಿನಗೆ ಹೇಳಬಾರದೆಂದು ಅಕ್ಕನಿಂದ ಮಾತು ತೆಗೆದುಕೊಂಡಿದ್ದೆ. ವಯಸ್ಸಿಗೆ ಬಂದದ್ದು ಅಂತ ಅವಳು ನಂಬಿದ್ದಳು. ಅವಳ ಕೈ ಮುರಿದ ಹೊತ್ತಿಗಾಗಲೇ ನಾನು ಕಿವುಡನಾಗಿದ್ದೆ ಎಂದು ಅವಳಿಗೆ ಗೊತ್ತಾದದ್ದು ಮೊನ್ನೆ. ಎಂಜಿನ್ ಕೆಲಸ ಬಿಟ್ಟು ಬರೀ ಬ್ರೇಕು, ಕ್ಲಚ್ಚು ಅಂತ ಯಾಕೆ ಕೂತೆ ಅನ್ನುವುದೂ ಮೊನ್ನೆಯೇ ಗೊತ್ತಾಯಿತು.

ಎರಡನ್ನೂ ಕೇಳಿ ಎದ್ದು ಹಿತ್ತಲಿಗೆ ಹೋದಳು. ಬೆಳಿಗ್ಗೆಯೇ ನೀರು ಹಾಕಿದ್ದ ಸಸಿಗಳಿಗೆ ಮತ್ತೆ ನೀರು ಹಾಕಿದಳು. ವಾಪಸು ಬಂದು, ನನ್ನ ಎದುರಿಗೆ ನಿಂತು, ನನಗೆ ತುಟಿ ಕಾಣುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಒಬ್ಬ ಕಿವುಡ. ಒಬ್ಬ ಮೂಗ. ಇಬ್ಬರ ಮಧ್ಯೆ ಕೂತು ನಂಗೆ ಬರೀ ಕೈ ಮುರೀತು, ಪುಣ್ಯ." ಆಮೇಲೆ ಅತ್ತಳು. ನಾನೂ ಅತ್ತೆ, ಬರೆಯಲು ನಾಚಿಕೆಯೇನಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಲೋಟ ಕುಕ್ಕಿ, "ಕ್ರ್ಯಾಂಕ್ ಯಾವಾಗ ಕಳಿಸ್ತೀರಿ?" ಅಂದಳು.

ಬ್ಲಾಕ್, ಕ್ರ್ಯಾಂಕ್ ಎರಡನ್ನೂ ಮರದ ಪೆಟ್ಟಿಗೆ ಮಾಡಿಸಿ ಲಾರಿಗೆ ಹಾಕಿದ್ದೇನೆ. ಕಟ್ಟಿದ ಮೇಲೆ ಎಂಜಿನ್ ಶುರುವಾದಾಗ ಕೇಳುವ ಕಿವಿ ಒಂದು ಬೇಕು. ನನ್ನ ಹತ್ತಿರ ಇಲ್ಲ. ಬಾರಪ್ಪಾ.

ನಿನ್ನ ಭಾವ

೦

ಆಗಸ್ಟ್ ೫

ಭಾವ,

ಕೊರೆಯುವುದು ಮುಗಿಯಿತು. ಅರ್ಧ ಮಿಲಿಮೀಟರಿಗೇ ನಾಲ್ಕೂ ಸಿಲಿಂಡರಿನ ತುಕ್ಕು, ಸವೆತ ಹೋದವು. ನಿಮ್ಮ ಹದಿನೇಳನೆಯ ಅಂಕಿ ತಪ್ಪಾಗಿತ್ತು, ಅಕ್ಕನಿಗೆ ಹೇಳಬೇಡಿ. ಕ್ರ್ಯಾಂಕಿನ ಮೂರನೆಯದಕ್ಕಾಗಿ ನಾಲ್ಕನ್ನೂ ಒಂದೇ ಅಳತೆಗೆ ಇಳಿಸಿದ್ದೇನೆ. ಬೇರಿಂಗುಗಳನ್ನು ನಾನೇ ತರುತ್ತೇನೆ.

ಅಕ್ಕ ಫೋನ್ ಮಾಡಿದ್ದಳು. ಮುಕ್ಕಾಲು ಗಂಟೆ ಬೈದಳು. ನಡುವೆ ಒಂದು ಸಲ ನೀರು ಕುಡಿದು ಬಂದು ಮುಂದುವರಿಸಿದಳು. ಫೋನ್ ಇಟ್ಟ ಮೇಲೆ ಮಂಚದ ಮೇಲೆ ಹಾಗೇ ಒರಗಿದವನು ಬೆಳಗಾಗುವವರೆಗೂ ಏಳಲಿಲ್ಲ. ಅಂಥ ನಿದ್ದೆ ಮಾಡಿ ಎಷ್ಟು ವರ್ಷವಾಗಿತ್ತೋ.

ಸೆಪ್ಟೆಂಬರ್ ಎರಡನೆಯ ವಾರದಿಂದ ಹದಿನೈದು ದಿನ ರಜೆ ಹಾಕಿದ್ದೇನೆ. ನಾನು ಬರುವವರೆಗೆ ಒಂದು ನಟ್ಟನ್ನೂ ಮುಟ್ಟಬೇಡಿ.

ನಿಮ್ಮ ಭಾಮೈದ

೦

ಅಕ್ಟೋಬರ್ ೧

ಭಾಮೈದನಿಗೆ,

ನೀನು ಹೋಗಿ ಐದು ದಿನವಾಯಿತು. ಬಸ್ಸಿನ ಹೊತ್ತಾಯಿತೆಂದು ಓಡಿದೆಯಲ್ಲ, ಹೇಳಬೇಕಾದ್ದು ನನ್ನಲ್ಲೇ ಉಳಿಯಿತು.

ಮೊದಲ ಸಲ ಚಾಲೂ ಮಾಡಿದಾಗ ನಾನು ಒಳಗೆ ಕೂತು ನಿನ್ನ ಮುಖವನ್ನೇ ನೋಡುತ್ತಿದ್ದೆ. ಎರಡು ನಿಮಿಷವೂ ಆಗಿರಲಿಲ್ಲ, ನೀನು ಕೈ ಎತ್ತಿದೆ. ನಾನು ಎಂಜಿನ್ ಆರಿಸಿದೆ. ಆರಿಸಿದ ಮೇಲೆ ನೀನು ತುಂಬ ಹೊತ್ತು ನನ್ನನ್ನು ನೋಡಿದೆ. ಯಾಕೆ ಅಂತ ನಾನು ಕೇಳುತ್ತೇನೆಂದು ಕಾದೆಯೇನೋ. ನಾನು ಎಣ್ಣೆ ಇಳಿಸಲು ಬಕೆಟ್ ತಂದೆ. ಮೂರು ದಿನ ಗಾಡಿಯ ಕೆಳಗೆ ಮಲಗಿ ತಳ ಬಿಚ್ಚಿದೆವು, ಎಂಟು ನಟ್ಟನ್ನೂ ನೋಡಿದೆವು, ಬೇರಿಂಗ್ ತೆಗೆದು ನೋಡಿದೆವು. ಎಲ್ಲವೂ ಹೊಸ ಕನ್ನಡಿ. ನಿನಗೆ ಕೇಳಿಸಿದ ಸದ್ದಿಗೆ ಕೊನೆಗೆ ಸಿಕ್ಕ ಕಾರಣವೇನು? ಡೈನಮೊ ಹಿಡಿದಿಟ್ಟ ಪಟ್ಟಿಯ ಒಂದು ಸಡಿಲ ಬೋಲ್ಟು. ಹೊರಗೇ ಇತ್ತು, ನಿಂತಲ್ಲೇ ಕೈಗೆ ಸಿಗುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದೆವು.

ನೀನು ತಲೆ ತಗ್ಗಿಸಿ ಕೂತೆ. ನಾನು ಹೊಟ್ಟೆ ಹಿಡಿದು ನಕ್ಕೆ. ನಿನ್ನನ್ನು ಆಡಿಕೊಂಡು ನಕ್ಕೆನೆಂದು ತಿಳಿದೆಯೇನೋ, ಆವತ್ತು ರಾತ್ರಿ ಊಟಕ್ಕೆ ಕೂತಾಗಲೂ ಮುಖ ಊದಿಸಿಕೊಂಡಿದ್ದೆ. ಇಲ್ಲ ಮಾರಾಯ. ನೀನು ನಿಲ್ಲಿಸು ಅಂದೆ, ನಾನು ನಿಲ್ಲಿಸಿದೆ, ಆ ಸಂತೋಷಕ್ಕೆ ನಕ್ಕೆ. ಮೂರು ದಿನದ ಕೆಲಸ ನೀರಲ್ಲಿ ಹೋಮ ಆದದ್ದಕ್ಕೆ ನಾನು ಇಷ್ಟು ಖುಷಿಪಟ್ಟದ್ದು ಇದೇ ಮೊದಲು. ಇನ್ನು ಮೇಲೆಯೂ ಅನುಮಾನ ಬಂದರೆ ಹೇಳು. ತಪ್ಪಾದರೂ ಹೇಳು. ಬಿಚ್ಚೋಣ.

ಕೊನೆಯ ದಿನ ಮೂವರೂ ಇಳಿಜಾರಿನ ರಸ್ತೆಗೆ ಹೋಗಿ ಬಂದೆವಲ್ಲ, ಆಗ ನನಗೆ ಸ್ಟೀರಿಂಗಿನ ನಡುಕ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಸದ್ದು ಹೇಗಿದೆ ಅಂತ ಕೇಳಿದರೆ ನೀನು ಸುಮ್ಮನೆ ತಲೆ ಆಡಿಸಿದೆ. ಅಕ್ಕನನ್ನು ಕೇಳಿದರೆ "ಎಂಜಿನ್ ಥರಾನೇ ಇದೆ" ಅಂತಾಳೆ. ನಾನು ಕಟ್ಟಿದ ಕೊನೆಯ ಎಂಜಿನ್ ಇದು, ಅದರ ಸದ್ದು ನನಗೊಬ್ಬನಿಗೇ ಗೊತ್ತಿಲ್ಲ. ಬಿಡುವಾದಾಗ ಬರೆ. ಅವಸರವಿಲ್ಲ. ಸ್ವಲ್ಪ ಅವಸರವಿದೆ.

ನಿನ್ನ ಭಾವ

೦

ಅಕ್ಟೋಬರ್ ೧೪

ಭಾವ,

ಸರಿಯಾಗಿ ಕೇಳಿ.

ತಣ್ಣಗಿರುವಾಗ ಚಾಲೂ ಮಾಡಿದರೆ ಮೊದಲ ಅರ್ಧ ನಿಮಿಷ ಒರಟು. ನಿದ್ದೆಯ ನಡುವೆ ಎಬ್ಬಿಸಿದವರ ಗಂಟಲಿನಂತೆ. ಆಮೇಲೆ ಹದಕ್ಕೆ ಬರುತ್ತದೆ. ನಿಂತಲ್ಲೇ ಓಡುವಾಗ ನಾಲ್ಕು ಏಟೂ ಒಂದೇ ತೂಕ, ನಡುವಿನ ಬಿಡುವೂ ಒಂದೇ. ನಾನು ಕಣ್ಣು ಮುಚ್ಚಿ, ಸ್ಕ್ರೂಡ್ರೈವರ್ ಇಟ್ಟು, ಮೂರನೆಯದನ್ನು ಬೇರೆ ಮಾಡಿ ಕೇಳಲು ನೋಡಿದೆ. ಆಗಲಿಲ್ಲ. ಉಳಿದ ಮೂರರ ಜೊತೆ ಸೇರಿಹೋಗಿದೆ.

ಎರಡನೆಯ ಗೇರಿನಲ್ಲಿ ಒಂದು ಗೊರಗೊರ ಇದೆ. ಅದು ಗೇರ್‌ಬಾಕ್ಸಿನದು, ಸದ್ಯಕ್ಕೆ ಚಿಂತೆಯಿಲ್ಲ. ಎಡಬಾಗಿಲಿನ ಗಾಜು ಗಡಗಡ ಅನ್ನುತ್ತದೆ, ಅಕ್ಕ ಅದಕ್ಕೆ ಆಗಲೇ ರಟ್ಟು ಸಿಕ್ಕಿಸಿದ್ದಾಳೆ. ಏರಿನಲ್ಲಿ ಎಂಜಿನ್ನಿನ ದನಿ ದಪ್ಪಗಾಗುತ್ತದೆ, ಆದರೆ ದಣಿಯುವುದಿಲ್ಲ. ಇಳಿಜಾರಿನಲ್ಲಿ ನೀವು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬಹಳ ತಣ್ಣಗೆ ಇಳಿಯುತ್ತದೆ. ಒಳ್ಳೆಯ ಎಂಜಿನ್ ಭಾವ. ನಾವಿಬ್ಬರೂ ಕಟ್ಟಿದ್ದರಲ್ಲೆಲ್ಲ ಒಳ್ಳೆಯದು.

ಇನ್ನೊಂದು ಸದ್ದಿನ ವಿಷಯ ಆವತ್ತೇ ಹೇಳಬೇಕಿತ್ತು. ನಾನು ನಡುವೆ ಕೂತಿದ್ದೆ, ಅಕ್ಕ ಬಾಗಿಲ ಕಡೆಗಿದ್ದಳು. ಆ ಗೋಡೆಯ ತಿರುವು ಬಂದಾಗ ನೀವು ಬ್ರೇಕಿನ ಮೇಲೆ ಕಾಲಿಟ್ಟು, ನಡೆದು ಹೋಗುವವರೂ ನಮ್ಮನ್ನು ದಾಟುವಷ್ಟು ನಿಧಾನ ಮಾಡಿದಿರಿ. ಆಗ ಅಕ್ಕ ಒಂದು ಮಾತು ಹೇಳಿದಳು. ನೀವು ರಸ್ತೆ ನೋಡುತ್ತಿದ್ದಿರಿ, ಅವಳ ತುಟಿ ನಿಮಗೆ ಕಾಣುತ್ತಿರಲಿಲ್ಲ. ನಾನು ನಿಮ್ಮ ಭುಜ ತಟ್ಟಿ ಹೇಳಬಹುದಿತ್ತು. ಹೇಳದೆ ಅಕ್ಕನ ಮುಖ ನೋಡುತ್ತಾ ಕೂತೆ. ಆಮೇಲೆ ಬಸ್ಸು, ಗಡಿಬಿಡಿ. ಮತ್ತೆ ಒಂದು ಮಾತನ್ನು ಒಳಗೇ ಇಟ್ಟುಕೊಂಡು ಬಂದೆನಲ್ಲಾ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಅವಳು ಹೇಳಿದ್ದು ಇದು: "ಬ್ರೇಕಿಂದ ಕಾಲು ತೆಗೆಯೋಕೆ ಹೇಳೋ ಅವರಿಗೆ. ನಂಗೇನೂ ಭಯ ಇಲ್ಲ."

ನಿಮ್ಮ ಭಾಮೈದ